ಒಂದೇ ಬಾವಿಯ ನೀರು

ಕಳೆದ ತಿಂಗಳು ನಮ್ಮ ನರ್ಸಿಂಗ್ ಹೋಮಿನ ಎಳೆಯ ಡಾಕ್ಟರುಗಳು ಸಾಗರದಲ್ಲಿ ಹೊಸದಾಗಿ ಶುರುವಾದ ಹೋಟೆಲಿಗೆ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು. ನೂಡಲ್ಸ್ ತರಿಸಿದರು. ಅದನ್ನು ತಿನ್ನುವ ಬಗೆ ಹೇಗೆ, ತಿಂದರೆ ಅರಗುತ್ತದೋ ಇಲ್ಲವೋ ಎಂದು ನಾನು ಚಿಂತಿಸುತ್ತಿರುವಾಗಲೇ ಒಬ್ಬ ಹುಡುಗ ತನ್ನ ಬಿಸಿ ತಟ್ಟೆಯ ಮೇಲೆ ವಿನಿಗರ್ ಚಿಮುಕಿಸಿದ. ಆ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ನೀರಿನ ಲೋಟವನ್ನು ಎತ್ತಿ, ಓರೆ ಮಾಡಿ, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿಯಿತು.

"ಏನ್ ನೋಡ್ತಿದೀರ ಮೇಡಂ?"

"ಆಲ್ಬುಮಿನ್" ಎಂದೆ. ಬಾಯಿ ತಪ್ಪಿ ಬಂತು.

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಈ ಹುಡುಗರು ನನಗೆ 'ಮೊದಲು ರಿಪೋರ್ಟ್ ಮೇಡಂ' ಎಂದು ಹೆಸರಿಟ್ಟಿರುವುದು ನನಗೆ ಗೊತ್ತಿದೆ. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದೆ. ಇರಲಿ. ಉಸಿರು ಕಟ್ಟಿ ನೀಲಿಗಟ್ಟಿ ಬಂದವನ ಮುಂದೆ ರಿಪೋರ್ಟ್ ಬರಲಿ ಎಂದು ಕೈಕಟ್ಟಿ ಕೂರುವಷ್ಟು ದಡ್ಡಿ ನಾನಲ್ಲ. ಆದರೆ ಹೃದಯ ಸೋತು, ಕಾಲು ಊದಿ, ವಾರವಾರವೂ ನಡೆದುಕೊಂಡೇ ಬಂದು ನೀರಿಳಿಸುವ ಔಷಧಿ ತೆಗೆದುಕೊಂಡು ಹೋಗುವವರ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಮೂತ್ರಪಿಂಡ ಏನು ಹೇಳುತ್ತಿದೆ ಎಂದು ನೋಡದೆ ನನ್ನ ಸಹಿ ಬೀಳುವುದಿಲ್ಲ. ಬೀಗ ಹಾಕಿ ಗೇಟಿನವರೆಗೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡುವ ಪೈಕಿ ನಾನು. ಹುಟ್ಟು ಗುಣ. ಆದರೆ ಇದೊಂದು ಮಾತ್ರ ಹುಟ್ಟು ಗುಣವಲ್ಲ. ಇದನ್ನು ನಾನು ಒಂದು ಮಳೆಗಾಲದಲ್ಲಿ, ಹೊಸನಗರದಲ್ಲಿ, ಜಗಳವಾಡಿ ಸಂಪಾದಿಸಿದ್ದು.

ಅರವತ್ತರ ದಶಕದ ಮೊದಲ ವರ್ಷಗಳು. ಆಗಷ್ಟೇ ಪಾಸಾಗಿದ್ದ ನನಗೆ ಹೊಸನಗರದಲ್ಲಿ ಊರವರು ಚಂದಾ ಎತ್ತಿ ನಡೆಸುತ್ತಿದ್ದ ಸಣ್ಣ ಧರ್ಮಾಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದದ್ದು ಕೆಲವೇ ಮಂಚ, ಒಬ್ಬ ಕಾಂಪೌಂಡರ್, ಮತ್ತು ಊರಿಗೆಲ್ಲ 'ದೊಡ್ಡ ಡಾಕ್ಟ್ರು' ಆಗಿದ್ದ, ರಿಟೈರಾಗಿಯೂ ರಿಟೈರಾಗದ ಒಬ್ಬ ಹಿರಿಯರು. ಲ್ಯಾಬೋರೇಟರಿ ಎಂದು ಬೋರ್ಡು ಹಾಕಿದ್ದ ಕೋಣೆಯಲ್ಲಿ ಒಂದು ಹಳೆಯ ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಒಂದಷ್ಟು ಗಾಜಿನ ಕೊಳವೆಗಳು. ಮಳೆ ಹಿಡಿದ ಮೇಲೆ ಬೆಂಕಿಪೆಟ್ಟಿಗೆ ಹೊತ್ತುತ್ತಿರಲಿಲ್ಲ. ಅದನ್ನು ನಾನು ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಲೇಡಿ ಡಾಕ್ಟ್ರು ಬೀಡಿ ಸೇದ್ತಾರಂತೆ ಎಂದು ಒಂದು ಸುದ್ದಿ ಊರಲ್ಲಿ ಹಬ್ಬಿ, ತಾನಾಗಿ ಆರಿತು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗಡೆಯಾಗುವ ಊರುಗಳನ್ನು ಅಳೆಯುವವರು, ಪರಿಹಾರ ಬರೆಯುವವರು, ಅವರ ಹಿಂದೆ ಅರ್ಜಿ ಹಿಡಿದು ತಿರುಗುವವರು, ಎಲ್ಲರೂ ಹೊಸನಗರಕ್ಕೆ ಬಂದು ತುಂಬಿಕೊಂಡಿದ್ದರು. ಅವರಿಗೆಲ್ಲ ಊಟ ಹಾಕುತ್ತಿದ್ದವರು ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಸೀತಮ್ಮ. ಗಂಡ ತೀರಿಕೊಂಡ ಮೇಲೆ ಸೌಟು ಹಿಡಿದವರು. ಅದರಿಂದಲೇ ಮಗನನ್ನು ಓದಿಸಿ, ಲಿಂಗನಮಕ್ಕಿಯ ಕಂಟ್ರಾಕ್ಟರೊಬ್ಬರ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿಸಿ, ಆ ಬೇಸಗೆಯಲ್ಲಷ್ಟೇ ನಿಟ್ಟೂರಿನಿಂದ ಶಾರದೆಯೆಂಬ ಸೊಸೆಯನ್ನು ತಂದುಕೊಂಡಿದ್ದರು. ನನ್ನ ಊಟವೂ ಅಲ್ಲೇ. ಒಳಗಿನ ಕೋಣೆಯಲ್ಲಿ ನನಗೆ ಬೇರೆ ಎಲೆ ಹಾಕುತ್ತಿದ್ದರು. ತಂಬುಳಿ ಬಡಿಸುತ್ತ ಬೈಯುವುದು, ಬೈಯುತ್ತ ಮತ್ತೆ ಬಡಿಸುವುದು, ಇದು ಅವರ ಕ್ರಮ.

ಸೀತಮ್ಮನ ಹೃದಯದ ಕವಾಟ ಕೆಟ್ಟಿತ್ತು. ಚಿಕ್ಕಂದಿನಲ್ಲಿ ಬಂದ ಕೀಲು ಜ್ವರ ಬಿಟ್ಟುಹೋದ ಕಾಣಿಕೆ ಅದು. ಕಾಲು ಕಂಬದಂತೆ ಊದುತ್ತಿತ್ತು. "ಲಿಂಗನಮಕ್ಕಿಗಿಂತ ಮುಂಚೆ ನನ್ನ ಮೊಣಕಾಲಿಗೇ ಕಟ್ಟೆ ಕಟ್ಟಿದಾರೆ" ಎಂದು ನಗುತ್ತಿದ್ದರು. ಆ ನೀರು ಇಳಿಸಲು ದೊಡ್ಡ ಡಾಕ್ಟರು ಪ್ರತಿ ಶನಿವಾರ ಬೆಳಿಗ್ಗೆ ಪಾದರಸ ಬೆರೆತ ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಈಗಿನ ಹುಡುಗರು ಅದರ ಹೆಸರೂ ಕೇಳಿರಲಿಕ್ಕಿಲ್ಲ. ಶನಿವಾರ ಇಂಜೆಕ್ಷನ್, ಭಾನುವಾರ ಸುಸ್ತು, ಸೋಮವಾರ ಹಗುರ. ಆ ಹುರುಪಿನಲ್ಲಿ ಅವರು ಮಾಡುತ್ತಿದ್ದ ಸೋಮವಾರದ ಹುಳಿಗೆ ಹೊಸನಗರದಲ್ಲಿ ಒಂದು ವಿಶೇಷ ಮರ್ಯಾದೆಯಿತ್ತು. ಮುಳುಗಡೆ ಆಫೀಸಿನ ಗುಮಾಸ್ತ ರಂಗರಾಯರು ಸೋಮವಾರ ಎಲ್ಲಿಗೂ ಕ್ಯಾಂಪ್ ಹೋಗುತ್ತಿರಲಿಲ್ಲ.

ಪಾದರಸ ನೀರನ್ನೂ ಇಳಿಸುತ್ತದೆ, ಕೆಟ್ಟ ಮೂತ್ರಪಿಂಡ ಸಿಕ್ಕಿದರೆ ಅದನ್ನು ಮುಗಿಸಿಯೂ ಬಿಡುತ್ತದೆ. ಅದಕ್ಕೇ ಕೊಡುವ ಮೊದಲು ಮೂತ್ರ ಕಾಯಿಸಿ ನೋಡಬೇಕೆಂದು ಕಾಲೇಜಿನಲ್ಲಿ ನಮಗೆ ಉರು ಹೊಡೆಸಿದ್ದರು. ಕೊಳವೆಯ ಮೇಲ್ಭಾಗವನ್ನು ದೀಪಕ್ಕೆ ಹಿಡಿದು ಕುದಿಸುವುದು, ವಿನಿಗರಿನ ಹುಳಿಯಾದ ಅಸೆಟಿಕ್ ಆಸಿಡ್ಡನ್ನು ಎರಡು ಹನಿ ಬಿಡುವುದು. ತಿಳಿಯಾಗಿ ಉಳಿದರೆ ಸರಿ. ಬೆಳ್ಳಗೆ ಮೊಸರೊಡೆದಂತೆ ನಿಂತರೆ ಆಲ್ಬುಮಿನ್ ಸೋರುತ್ತಿದೆ. ತಡೆದು, ಇನ್ನೂ ನೋಡಬೇಕು. ಸೇರಿದ ಮೊದಲ ಶನಿವಾರವೇ ಸೀತಮ್ಮನನ್ನು ಕೇಳಿದೆ.

"ಎಂತದು? ನಂದು ಉಚ್ಚೆ ಬೇಕಾ? ಎಂತಕ್ಕೆ ಮಾರಾಯ್ತಿ, ಉಪ್ಪಿನಕಾಯಿ ಹಾಕ್ತೀಯಾ?"

ಕಾಂಪೌಂಡರ್ ಗೋಡೆಯ ಕಡೆ ತಿರುಗಿ ನಕ್ಕ.

"ದೊಡ್ಡ ಡಾಕ್ಟ್ರು ಇಷ್ಟು ವರ್ಷ ಸೂಜಿ ಹಾಕಿದಾರೆ. ಒಂದಿನ ಕೇಳಿರ್ಲಿಲ್ಲ. ನೀ ನಿನ್ನೆ ಬಂದವ್ಳು, ಬಾಟ್ಲಿ ಹಿಡ್ಕಂಡು ನಿಂತಿದೀಯಲ್ಲ!"

"ಕೊಟ್ಬಿಡಿ ಸೀತಮ್ಮ" ಎಂದರು ದೊಡ್ಡ ಡಾಕ್ಟರು, ಪೇಪರಿನಿಂದ ತಲೆಯೆತ್ತದೆ. "ಹೊಸ ಕತ್ತಿ. ಸ್ವಲ್ಪ ದಿನ ಎಲ್ಲಾನೂ ಕೊಯ್ಯುತ್ತೆ."

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ, ಕಾಂಪೌಂಡರ್ ಖಾನಾವಳಿಯ ಹಿಂಬಾಗಿಲಿಗೆ ಹೋಗಿ, ಬಟ್ಟೆ ಸುತ್ತಿದ ಬಾಟಲಿಯೊಂದನ್ನು ತರುತ್ತಿದ್ದ. ನಾನು ಕಾಯಿಸುತ್ತಿದ್ದೆ. ಬಾವಿಯ ನೀರಿನಷ್ಟು ತಿಳಿ. ಇಷ್ಟು ಹೃದಯ ಸೋತವರ ಮೂತ್ರ ಇಷ್ಟೊಂದು ಚೆನ್ನಾಗಿದೆಯಲ್ಲ ಎಂದು ನನಗೆ ಒಂದಷ್ಟು ಆಶ್ಚರ್ಯ, ಒಂದಷ್ಟು ಅನುಮಾನ. ಅನುಮಾನ ಬಾಟಲಿಯ ಮೇಲಲ್ಲ, ನನ್ನ ಮೇಲೆ. ಅದು ಯಾವಾಗಲೂ ನನ್ನ ಮೇಲೆಯೇ. ಆದರೂ ತಿಳಿ ಎಂದರೆ ತಿಳಿ. ಇಂಜೆಕ್ಷನ್ ಕೊಟ್ಟೆ. ಸೋಮವಾರ ಹುಳಿ ಉಂಡೆ.

ಆಷಾಢ ಬಂತು. ಹೊಸದಾಗಿ ಮದುವೆಯಾದ ಹುಡುಗಿ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದಲ್ಲ, ಶಾರದೆ ನಿಟ್ಟೂರಿಗೆ ಹೋದಳು. ಕೊಡಚಾದ್ರಿಯ ಕಡೆಯಿಂದ ಬರುವ ಮೋಡಗಳು ಊರಿನ ಮೇಲೇ ಬಿಡಾರ ಹೂಡಿದವು. ಸೊಸೆಯಿಲ್ಲದ ಮನೆಯಲ್ಲಿ ಸೀತಮ್ಮ ಒಬ್ಬರೇ ಅಷ್ಟೂ ಎಲೆಗೆ ಬಡಿಸುತ್ತ, ಕಂಬ ಹಿಡಿದು ನಿಂತು ಉಸಿರು ಎಳೆಯುತ್ತಿದ್ದರು. ಆ ಶನಿವಾರ ಎಂದಿನಂತೆ ಬಾಟಲಿ ಬಂತು. ದೀಪ ಹಚ್ಚಿ ಕಾಯಿಸಿದೆ. ಕೊಳವೆಯ ಮೇಲ್ಭಾಗ ಬೆಳ್ಳಗಾಯಿತು. ಆಸಿಡ್ ಬಿಟ್ಟೆ. ಕರಗಲಿಲ್ಲ, ಇನ್ನೂ ದಪ್ಪಗಾಗಿ ಹಾಲೊಡೆದಂತೆ ಕೂತಿತು.

ಮೊದಲು ಹೊಳೆದದ್ದು, ಆಸಿಡ್ ಕೆಟ್ಟಿರಬೇಕು ಎಂದು. ಹೋಗಿ ನನ್ನದನ್ನೇ ತಂದು ಕಾಯಿಸಿದೆ. ತಿಳಿ. ಬಾಟಲಿಯಲ್ಲಿ ಮಜ್ಜಿಗೆ ಇದ್ದಿರಬೇಕು ಎಂದುಕೊಂಡೆ. ಇಲ್ಲ, ಅದನ್ನು ತೊಳೆದು ಕುದಿಸಿ ಕೊಟ್ಟವಳು ನಾನೇ. ಕೊನೆಗೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟೆ. ರಕ್ತದ ಕಣಗಳು, ಮತ್ತು ಮೂತ್ರಪಿಂಡದ ನಾಳದೊಳಗೆ ಎರಕ ಹೊಯ್ದು ತೆಗೆದಂಥ ಸಣ್ಣ ಕೊಳವೆಗಳು. ಅವು ಮಜ್ಜಿಗೆಯಿಂದ ಬರುವಂಥವಲ್ಲ, ಮೂತ್ರಪಿಂಡ ಕೆಟ್ಟಾಗ ಬರುವಂಥವು.

ಅಷ್ಟರಲ್ಲಿ ಸೀತಮ್ಮ ಛತ್ರಿ ಹಿಡಿದು ಬಂದು ಬೆಂಚಿನ ಮೇಲೆ ಕೂತಿದ್ದರು. ಮಾತಿಗೊಮ್ಮೆ ಉಸಿರು. ಜೊತೆಗೆ ರಂಗರಾಯರು, ಅವರ ಹಿಂದೆ ಜಗಲಿಯಲ್ಲಿ ಖಾನಾವಳಿಯ ನಾಲ್ಕಾರು ಜನ.

"ಇವತ್ತು ಇಂಜೆಕ್ಷನ್ ಕೊಡಲ್ಲ" ಎಂದೆ.

"ಎಂತ ಕೊಡಲ್ಲ? ಉಸಿರು ಸಿಕ್ತಿಲ್ಲ ನಂಗೆ."

"ಮೂತ್ರ ಕೆಟ್ಟಿದೆ ಸೀತಮ್ಮ. ಕೊಟ್ರೆ ಇನ್ನೂ ಕೆಡುತ್ತೆ."

ದೊಡ್ಡ ಡಾಕ್ಟರು ಪೇಪರ್ ಕೆಳಗಿಟ್ಟರು. "ಹೋದ ಶನಿವಾರ ಚೆನ್ನಾಗಿತ್ತು ಅಂದ್ಯಲ್ಲಮ್ಮ. ಅದರ ಹಿಂದಿನ ಶನಿವಾರಾನೂ ಚೆನ್ನಾಗಿತ್ತು. ಒಂದೇ ವಾರಕ್ಕೆ ಇಷ್ಟು ಹ್ಯಾಗೆ ಕೆಡುತ್ತೆ?"

ನಾನು ಮತ್ತೊಮ್ಮೆ ಕೊಳವೆಯನ್ನು ಬೆಳಕಿಗೆ ಹಿಡಿದೆ. ಉತ್ತರ ಕೊಟ್ಟವರು ಸೀತಮ್ಮ.

"ಅದಕ್ಕೆ ಯಾಕೆ ಅಷ್ಟು ತಲೆ ಕೆಡಿಸ್ಕಂತೀರಿ? ಹಿಂದಿನ್ವೆಲ್ಲ ಶಾರದೆದು. ಈ ಸಲ ಅವ್ಳು ತವರಿಗೆ ಹೋಗಿದಾಳೆ, ಅದಕ್ಕೆ ನಂದು."

ಕಾಂಪೌಂಡರ್ ಈ ಸಲ ಗೋಡೆಯ ಕಡೆ ತಿರುಗಿದವನು ನಗಲಿಲ್ಲ.

"ಶಾರದೆದು ಯಾಕೆ ಕಳಿಸಿದ್ರಿ?" ನನ್ನ ಧ್ವನಿ ಕೀರಲಾಗಿತ್ತು.

"ಮತ್ತೆಂತ? ಬೆಳಿಗ್ಗೆ ಎದ್ದು ಆ ಬಾಟ್ಲಿ ಹಿಡಿದ ಕೈಯಲ್ಲಿ ಅಷ್ಟು ಜನಕ್ಕೆ ಅನ್ನ ಬಡಿಸ್ಲಾ? ಕಂಡವ್ರು ಮಾರನೇ ದಿನ ಎಲೆ ಮುಂದೆ ಕೂರ್ತಾರಾ? ಅವ್ಳು ಕೊಟ್ಟಿಗೆ ಕೆಲ್ಸ ಮಾಡಾಳು, ಅಡಿಗೆ ಒಲೆ ಮುಟ್ಟಲ್ಲ. ನೀನೇ ತುಂಬ್ಸಿ ಕೊಡೇ ಅಂದೆ. ಒಂದೇ ಬಾವಿ ನೀರು ಕುಡಿತೀವಿ. ಒಂದೇ ತಪ್ಪಲೆ ಅನ್ನ ಉಣ್ತೀವಿ. ಅವ್ಳದಾದ್ರೆ ಎಂತ, ನಂದಾದ್ರೆ ಎಂತ? ಬರೋದು ಅದೇ ನೀರಲ್ವಾ?"

ಸೀತಮ್ಮ ಅಲ್ಲಿಗೇ ನಿಲ್ಲಲಿಲ್ಲ. ಉಸಿರು ಎಳೆದುಕೊಂಡು ಊರಿನ ಯಾವ ವಕೀಲರಿಗೂ ಕಡಿಮೆಯಿಲ್ಲದಂತೆ ವಾದ ಹೂಡಿದರು.

"ಈಗ ನೀನೇ ಹೇಳು. ನಂದು ಕೆಟ್ಟಿದೆ ಅಂತಾದ್ರೆ ಆವಾಗ್ಲೂ ಕೆಟ್ಟೇ ಇತ್ತು. ಆದ್ರೂ ನೀನೇ ನಿನ್ನ ಕೈಯಾರೆ ಅಷ್ಟೂ ಶನಿವಾರ ಸೂಜಿ ಹಾಕಿದೆ. ನಾ ಸತ್ನಾ? ಇಲ್ಲೇ ಕೂತಿದೀನಲ್ಲ! ಹಂಗಾದ್ರೆ ನಿನ್ನ ದೀಪ, ನಿನ್ನ ಹುಳಿ, ಎಲ್ಲಾ ಸುಳ್ಳು."

"ಸರಿಯಾದ ಮಾತು" ಎಂದರು ರಂಗರಾಯರು. ಜಗಲಿಯಲ್ಲೂ ಹೌದು ಹೌದು ಎಂದವು ನಾಲ್ಕು ಧ್ವನಿ. ನ್ಯಾಯವಾಗಿ ನೋಡಿದರೆ ನನಗೂ ಒಂದು ಗಳಿಗೆ ಹೌದೆನ್ನಿಸಿತು. ಆದರೆ ಪಾದರಸ ಒಂದೇ ದಿನಕ್ಕೆ ಕೊಲ್ಲುವುದಿಲ್ಲ, ವಾರವಾರವೂ ಒಂದಿಷ್ಟು ತಿನ್ನುತ್ತದೆ.

"ನೋಡಮ್ಮ" ದೊಡ್ಡ ಡಾಕ್ಟರು ಎದ್ದರು. ಒಳ್ಳೆಯವರು, ಎದುರಿಗೆ ಕೂತವರ ಸಂಕಟ ನೋಡಿ ಸುಮ್ಮನಿರಲಾರದವರು. "ಅವರ ಸ್ಥಿತಿ ನೋಡು. ನೀನು ಕೊಡದಿದ್ರೆ ಬೇಡ, ನಾನು ಕೊಡ್ತೀನಿ. ಡಬ್ಬಿ ಇಲ್ಲಿ ಕೊಡು."

ಇಂಜೆಕ್ಷನ್ನಿನ ಡಬ್ಬಿ ನನ್ನ ಪಕ್ಕದ ಸ್ಟೂಲಿನ ಮೇಲಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರೋ, ಎರಡು ಇಂಗ್ಲಿಷ್ ವಾಕ್ಯ ಹೇಳುತ್ತಿದ್ದರೋ. ನಾನು ಅದರ ಮೇಲೆ ಕೂತುಬಿಟ್ಟೆ. ಕೂತ ಮೇಲೆ, ಒಳಗಿನ ಗಾಜು ಒಡೆದು ಪಾದರಸ ನನಗೇ ಚುಚ್ಚಿದರೆ ಏನು ಗತಿ ಎಂಬ ಚಿಂತೆಯೂ ಬಂತು. ಆದರೆ ಏಳಲಿಲ್ಲ.

"ಏಳ್ತೀಯೋ ಇಲ್ವೋ?"

"ಇಲ್ಲ ಸಾರ್. ಮೊದಲು ಮೈಕ್ರೋಸ್ಕೋಪ್ ನೋಡಿ. ನೋಡಿದ ಮೇಲೂ ಕೊಡಬೇಕು ಅನ್ನಿಸಿದ್ರೆ ಏಳ್ತೀನಿ. ಎದ್ದವಳು ಹಾಗೇ ತೀರ್ಥಹಳ್ಳಿ ಬಸ್ ಹತ್ತಿ ಊರಿಗೆ ಹೋಗ್ತೀನಿ."

"ಹೋಗ್ಲಿ ಬಿಡಿ ಡಾಕ್ಟ್ರೆ, ಬಸ್ ನಿಂತಿದೆ" ಎಂದರು ರಂಗರಾಯರು.

ದೊಡ್ಡ ಡಾಕ್ಟರು ನನ್ನನ್ನು ನೋಡಿದರು, ಸ್ಟೂಲನ್ನು ನೋಡಿದರು, ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಬಹಳ ಹೊತ್ತು ಬಗ್ಗಿ ನೋಡಿದರು. ಹೊರಗೆ ಬಂದಾಗ ಕನ್ನಡಕ ಒರೆಸುತ್ತಿದ್ದರು.

"ಸೂಜಿ ಬೇಡ" ಎಂದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಆದರೆ ಅವರು ಸತ್ತರೆ ಊರಿಗೆ ಉತ್ತರ ನೀನೇ ಕೊಡಬೇಕು."

ಅಲ್ಲಿಂದ ಮುಂದಿನ ದಿನಗಳು ನನ್ನ ಇಡೀ ಜನ್ಮದ ಚಿಂತೆಗೆ ಸಾಕಾಗುವಷ್ಟಿದ್ದವು. ಸೀತಮ್ಮನನ್ನು ಆಸ್ಪತ್ರೆಯ ಮಂಚದಲ್ಲಿ ಒರಗಿಸಿ ಕೂರಿಸಿದೆವು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆವು. ಎದೆಗೂಡಿನಲ್ಲಿ ನಿಂತಿದ್ದ ನೀರನ್ನು ದೊಡ್ಡ ಡಾಕ್ಟರೇ ಸೂಜಿ ಹಾಕಿ ತೆಗೆದರು. ಆ ಕೈಗೆ ಅಷ್ಟು ವಯಸ್ಸಾಗಿದ್ದರೂ ಒಂದು ಸಲವೂ ಅಲುಗಲಿಲ್ಲ. ಹೃದಯಕ್ಕೆ ಡಿಜಿಟಾಲಿಸ್ ಮಾತ್ರೆ. ಮಿಕ್ಕದ್ದೆಲ್ಲ ನನ್ನ ಪಾಲು. ನನ್ನ ಪಾಲು ಎಂದರೆ, ಉಪ್ಪು ಬಂದ್.

ಹೊಸನಗರಕ್ಕೇ ಉಪ್ಪು, ಹುಳಿ, ಖಾರದ ಹದ ಕಲಿಸಿದವರಿಗೆ ಉಪ್ಪಿಲ್ಲದ ಅನ್ನ! ಮೊದಲ ದಿನ ತಟ್ಟೆ ಮುಂದಿಟ್ಟಾಗ ಅವರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನನ್ನ ಮನೆ ಉಪ್ಪು ತಿಂದವ್ಳು ನೀನು. ಈಗ ನಂಗೇ ಉಪ್ಪು ಹಾಕಲ್ಲ ಅಂತೀಯಾ? ಉಂಡ ಮನೆ ಗಳ ಇರೀತೀಯಾ?"

"ಹೌದು, ಇರೀತೀನಿ."

"ಸೂಜಿನೂ ಇಲ್ಲ, ಉಪ್ಪೂ ಇಲ್ಲ. ನೀನು ಒಂದಿನ ಉಂಡು ನೋಡು ಇದನ್ನ. ಗೊತ್ತಾಗುತ್ತೆ."

"ಉಣ್ತೀನಿ. ನೀವು ಉಣ್ಣೋಷ್ಟು ದಿನಾನೂ ಉಣ್ತೀನಿ."

ಇದನ್ನು ತ್ಯಾಗ ಎಂದು ಯಾರೂ ತಿಳಿಯಬಾರದು. ಬರೀ ಹಠ. ಅವರ ಮಂಚದ ಪಕ್ಕ ಚಾಪೆ ಹಾಕಿ ಕೂತು, ಅದೇ ಸಪ್ಪೆ ಅನ್ನ, ಅದೇ ಸಪ್ಪೆ ಸಾರನ್ನು ಎರಡು ಹೊತ್ತೂ ನುಂಗಿದೆ. ಮೂರನೆಯ ತುತ್ತಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತ, ಯಾರು ಮೊದಲು ಸೋಲುತ್ತಾರೆಂದು ಕಾಯುತ್ತ ಉಣ್ಣುತ್ತಿದ್ದೆವು. ಖಾನಾವಳಿಗೆ ಬೀಗ ಬಿದ್ದಿತ್ತು. ಅಲ್ಲಿನ ಜನ ಕಂಡಕಂಡಲ್ಲಿ ಅವಲಕ್ಕಿ ತಿಂದುಕೊಂಡು, ದಾರಿಯಲ್ಲಿ ನಾನು ಸಿಕ್ಕರೆ ಛತ್ರಿಯನ್ನು ಮುಖಕ್ಕೆ ಅಡ್ಡ ಮಾಡುತ್ತಿದ್ದರು. ರಂಗರಾಯರು ಮಾತ್ರ ಎದುರಿಗೇ ನಿಂತು ಕೇಳಿದರು: "ಏನ್ ಡಾಕ್ಟ್ರಮ್ಮ, ಶರಾವತಿ ಮೊದಲು ತುಂಬುತ್ತೋ, ಸೀತಮ್ಮನೋ?"

"ನಿಮ್ಮ ಕಟ್ಟೆ ನೀವು ನೋಡ್ಕೊಳ್ಳಿ. ನನ್ನದು ನಾನು ಇಳಿಸ್ತೀನಿ" ಎಂದೆ. ಹೇಳಿ ಬಂದು, ಸೀತಮ್ಮನ ನಾಡಿಯನ್ನು ಎರಡೆರಡು ಸಲ ಎಣಿಸಿದೆ. ಆ ವಾರ ಸೀತಮ್ಮನ ತುಟಿ ನೀಲಿಯಾಗಿಯೇ ಇತ್ತು. ಕಾಯಿಸಿದ ಕೊಳವೆಯಲ್ಲಿ ಬೆಳ್ಳಗಿನದು ಹಾಗೇ ಇತ್ತು. ಬೆರಳಿಟ್ಟು ಒತ್ತಿದರೆ ಮೊಣಕಾಲಿನ ಕೆಳಗೆ ಗುಳಿ ಬಿದ್ದು, ಮುಚ್ಚಲು ಮನಸ್ಸೇ ಇಲ್ಲದಂತೆ ಉಳಿಯುತ್ತಿತ್ತು. ಲಿಂಗನಮಕ್ಕಿಯಿಂದ ಮಗ ಬಂದು ಹೋಗುವಾಗ ನನ್ನ ಮುಖ ನೋಡದೆ, "ಅಮ್ಮಂಗೆ ಒಂದು ಸೂಜಿ ಹಾಕಿಸ್ಬಹುದಿತ್ತು" ಎಂದ. ಆ ಮಾತು ಇನ್ನೂ ಕಿವಿಯಲ್ಲಿದೆ. ಆಗಲೂ ಹಾಕಲಿಲ್ಲ.

ನಂತರ ಒಂದು ಬೆಳಿಗ್ಗೆ ಸೀತಮ್ಮ ನಿದ್ದೆಯಿಂದ ಎದ್ದವರೇ, "ರಾತ್ರಿ ಮಲಗಿದ್ದೆ ಕಣೆ" ಎಂದರು. ಅವರು ಒರಗಿ ಕೂರದೆ, ನಿಜವಾಗಿ ಮಲಗಿ ಎಷ್ಟು ದಿನವಾಗಿತ್ತೋ. ಉಪ್ಪು ಹೋದ ಮೈಯಿಂದ ನೀರು ತಾನಾಗಿ ಹೊರಟಿತ್ತು. ಪಾದರಸ ನಿಂತ ಮೂತ್ರಪಿಂಡವೂ ಸುಧಾರಿಸಿಕೊಳ್ಳತೊಡಗಿತು. ಕೊಳವೆಯಲ್ಲಿ ಮೊಸರು ಮಜ್ಜಿಗೆಯಾಯಿತು, ಮಜ್ಜಿಗೆ ಅಕ್ಕಿ ತೊಳೆದ ಅಕ್ಕಚ್ಚಾಯಿತು. ಕಾಲಿನ ಹರಡಿನ ಮೂಳೆ ಕಾಣಿಸಿದ ದಿನ ಸೀತಮ್ಮ ಅದನ್ನು ತಡವಿ ನೋಡಿ, "ಇದು ನನ್ನ ಹತ್ರ ಇನ್ನೂ ಇತ್ತಾ!" ಎಂದರು. ಊರಿಗೆ ಉತ್ತರ ಕೊಡುವ ಕೆಲಸ ನನಗೆ ತಪ್ಪಿತು. ಆದರೂ ಒಬ್ಬರೂ ಬಂದು ನನಗೆ ಒಳ್ಳೆಯ ಮಾತು ಹೇಳಲಿಲ್ಲ. ದೊಡ್ಡ ಡಾಕ್ಟರು ಮಾತ್ರ ಒಂದು ದಿನ ಬೆಂಕಿಪೆಟ್ಟಿಗೆಯನ್ನು ತಮ್ಮ ಜೇಬಿನಿಂದ ತೆಗೆದು, "ಒಣಗಿದೆ, ಇಟ್ಕೋ" ಎಂದು ಕೊಟ್ಟರು. ಶಿವಮೊಗ್ಗದಿಂದ ಆಗಷ್ಟೇ ಬರತೊಡಗಿದ್ದ ನೀರಿಳಿಸುವ ಹೊಸ ಮಾತ್ರೆಯನ್ನು, ಬೇಕಾದೀತು ಎಂದು ಅವರೇ ತರಿಸಿಟ್ಟರು.

ಶ್ರಾವಣಕ್ಕೆ ಶಾರದೆ ಬಂದಳು. ನನ್ನನ್ನು ಕಂಡು ಬಾಗಿಲ ಹಿಂದೆ ಅಡಗಿದಳು. ಬೈಯುತ್ತೇನೆಂದು ಹೆದರಿದ್ದಾಳೆ ಎಂದುಕೊಂಡೆ. ಅವಳು ಮೆಲ್ಲಗೆ ತಲೆ ಹೊರಗೆ ಹಾಕಿ, "ಡಾಕ್ಟ್ರೆ, ನಂದು ಬಾಳ ಚೆನಾಗಿತ್ತಂತಲ್ಲ, ಹೌದಾ?" ಎಂದಳು.

ಖಾನಾವಳಿ ತೆರೆದ ಮೊದಲ ಶನಿವಾರ ಕಾಂಪೌಂಡರ್ ಹಿಂಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದ. "ಕೊಡಲ್ಲ ಅಂದ್ರು" ಎಂದ. ಮತ್ತೆ ಸೊಸೆಯದೇ ಕಥೆಯೇ? ಏನೇನೋ ಮಾತು ಹೊಂದಿಸಿಕೊಂಡು ಬಸ್‌ಸ್ಟ್ಯಾಂಡಿನ ಈಚೆ ಬದಿಗಿದ್ದ ಆಸ್ಪತ್ರೆಯ ಜಗಲಿಗೆ ಬಂದು ನಿಂತೆ.

ಬಸ್ಸಿನ ಹೊತ್ತು. ಮಳೆ ಬಿಟ್ಟು ಹೊಳವಾಗಿತ್ತು. ತೀರ್ಥಹಳ್ಳಿ ಬಸ್ಸಿಗೆ ಜನ ಹತ್ತುತ್ತಿದ್ದರು, ಸಾಗರದ ಬಸ್ಸಿನಿಂದ ಇಳಿಯುತ್ತಿದ್ದರು. ಖಾನಾವಳಿಯ ಮುಂಬಾಗಿಲಿನಿಂದ ಸೀತಮ್ಮ ಹೊರಟರು. ಮಿಂದು ಮಡಿಯುಟ್ಟು, ಬಲಗೈಯಲ್ಲಿ ಬಾಟಲಿ. ಬಟ್ಟೆ ಸುತ್ತಿರಲಿಲ್ಲ, ಸೆರಗು ಮುಚ್ಚಿರಲಿಲ್ಲ. ದೇವರ ತೀರ್ಥ ತರುವವರ ಹಾಗೆ ಎದೆಯ ಮಟ್ಟಕ್ಕೆ ಹಿಡಿದು, ಬಸ್‌ಸ್ಟ್ಯಾಂಡಿನ ನಟ್ಟನಡುವೆ ನಡೆದು ಬಂದರು. ಜನ ದಾರಿ ಬಿಟ್ಟರು. ಕಂಡಕ್ಟರ್ ಸೀಟಿ ಊದುವುದನ್ನು ಮರೆತ.

"ಏನ್ ಸೀತಮ್ಮ, ಜೇನುತುಪ್ಪವಾ?" ರಂಗರಾಯರ ಧ್ವನಿ.

"ನೆಕ್ಕಿ ನೋಡಿ ರಾಯರೆ, ಬೇಕಾದ್ರೆ." ಸೀತಮ್ಮ ನಿಂತರು. ಸುತ್ತ ಒಮ್ಮೆ ನೋಡಿದರು. "ನಂದೇ ಇದು. ಸೊಸೆದಲ್ಲ. ಕೈ ತೊಳೆದ್ರೆ ಹೋಗುತ್ತೆ. ಮಧ್ಯಾಹ್ನಕ್ಕೆ ಹುಳಿ ಮಾಡಿದೀನಿ. ಹೇಸಿಗೆ ಅನ್ನಿಸ್ದವ್ರು ಬರಬೇಡಿ, ಎಲೆ ಉಳಿಯುತ್ತೆ ನಂಗೆ."

ಮೆಟ್ಟಿಲು ಹತ್ತಿ ಬಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಉಸಿರು ಏರಿರಲಿಲ್ಲ. ನಾನು ಒಳಗೆ ಹೋಗಿ ದೀಪ ಹಚ್ಚಿ ಕಾಯಿಸಿದೆ. ಹುಳಿ ಬಿಟ್ಟೆ. ತಿಳಿ. ನಂಬಿಕೆಯಾಗದೆ ಇನ್ನೊಂದು ಕೊಳವೆಯಲ್ಲಿ ಮತ್ತೆ ಕಾಯಿಸಿದೆ. ತಿಳಿ. ಅವರು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡುತ್ತಿದ್ದರು. ಹೊರಗೆ ಬಂದು ಬಗ್ಗಿ ಅವರ ಮೊಣಕಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದೆ. ಗುಳಿ ಬೀಳಲಿಲ್ಲ.

"ಎಂತ, ಮಾತ್ರೆ ಕೊಡ್ತೀಯಾ?"

"ಇವತ್ತು ಏನೂ ಬೇಡ ಸೀತಮ್ಮ."

"ಏನೂ ಬೇಡ್ವಾ! ಮತ್ತೆ ಊರೆಲ್ಲ ಕಣ್ಣರಳಿಸ್ಕಂಡು ನೋಡೋ ಹಂಗೆ ಎಂತಕ್ಕೆ ತಂದೆ ನಾನು ಇದನ್ನ?"

"ಬೇಡ ಅಂತ ಗೊತ್ತಾಗೋಕೆ."

ಅವರು ಮೇಜಿನ ಹತ್ತಿರ ಹೋದರು. ತೊಳೆದಿಟ್ಟ ಖಾಲಿ ಬಾಟಲಿಯೊಂದನ್ನು ಮೇಜಿನ ಮೇಲಿಂದ ತಾವೇ ಎತ್ತಿಕೊಂಡರು. "ಮುಂದಿನ ಶನಿವಾರಕ್ಕೆ" ಎಂದು ಹೇಳಿ, ಅದನ್ನೂ ಹಾಗೆಯೇ ಎದೆಯ ಮಟ್ಟಕ್ಕೆ ಹಿಡಿದು, ಬಂದ ದಾರಿಯಲ್ಲೇ, ಬಸ್‌ಸ್ಟ್ಯಾಂಡಿನ ನಡುವಿನಿಂದಲೇ ನಡೆದು ಹೋದರು. ಆ ಮಧ್ಯಾಹ್ನ ಖಾನಾವಳಿಯಲ್ಲಿ ಮೊದಲ ಎಲೆಗೆ ಕೂತವಳು ನಾನು. ಎರಡನೆಯ ಎಲೆಗೆ, ಯಾರ ಮುಖವನ್ನೂ ನೋಡದೆ, ರಂಗರಾಯರು ಕೂತರು.